ತಂತಿಜಾಲರಿಯ ಆಂಟೆನಾದಿಂದ ಎಐ ಸಿನಿಮಾದವರೆಗೆ

ಮಸ್ಕತ್‌ನ ಅಲ್ ಖುವೈರ್ ಬಡಾವಣೆಯಲ್ಲಿ ಒಮಾನ್ ಸರ್ಕಾರದ ಸಚಿವಾಲಯಗಳ ಸಾಲಿದೆ, ಭಾರತದ ರಾಯಭಾರ ಕಚೇರಿಯಿದೆ, 1985ರಲ್ಲಿ ಬಾಗಿಲು ತೆರೆದ ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯವಿದೆ. 2025ರಲ್ಲಿ ಇವೆಲ್ಲದರ ನೆತ್ತಿಯ ಮೇಲೆ 126 ಮೀಟರ್ ಎತ್ತರದ ಧ್ವಜಸ್ತಂಭವೂ ಎದ್ದಿತು. ಉಡುಪಿ, ಕುಂದಾಪುರ, ಮಂಗಳೂರು, ಭಟ್ಕಳದ ಕಡೆಯಿಂದ ಬಂದು ಮಸ್ಕತ್‌ನಲ್ಲಿ ನೆಲೆಯೂರಿದವರಿಗೆ ಈ ಬಡಾವಣೆ ಅಪರಿಚಿತವಲ್ಲ. ಆದರೆ ಇಷ್ಟೆಲ್ಲ ಎಷ್ಟು ಬೇಗ ಆಯಿತು ಎಂಬುದು ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಹೇಳಿದರೂ ನಂಬಿಕೆ ಬರುವುದು ಕಷ್ಟ.

1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ಒಮಾನ್‌ನಲ್ಲಿದ್ದ ಡಾಂಬರು ರಸ್ತೆ ಸುಮಾರು ಹತ್ತು ಕಿಲೋಮೀಟರ್. 1974ರ ನವೆಂಬರ್ 17ರಂದು ಮಸ್ಕತ್‌ನಲ್ಲಿ ಟೆಲಿವಿಷನ್ ಪ್ರಸಾರ ಆರಂಭವಾಯಿತು. ಅದಾಗಿ ಒಂಬತ್ತು ತಿಂಗಳೂ ತುಂಬಿರಲಿಲ್ಲ, 1975ರ ಆಗಸ್ಟ್ 1ರಂದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಕೋಳಿಗೂಡಿಗೆ ಬಿಗಿಯುವಂಥ ತಂತಿಜಾಲರಿಯ ದೊಡ್ಡ ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ನಿಂತವು. ಅಮೆರಿಕದ ನಾಸಾ ಎರವಲು ಕೊಟ್ಟ ಉಪಗ್ರಹದಿಂದ ನೇರವಾಗಿ ಕನ್ನಡ ಕಾರ್ಯಕ್ರಮಗಳು ಇಳಿಯತೊಡಗಿದವು. ಬೆಂಗಳೂರಿನ ಮನೆಗಳಿಗಿಂತ ಮೊದಲು ಕಲ್ಯಾಣ ಕರ್ನಾಟಕದ ಹಳ್ಳಿಗಳು ಟಿವಿ ಕಂಡವು ಎಂಬುದು ಇಂದಿಗೂ ಅನೇಕರಿಗೆ ಹೊಸ ಸುದ್ದಿ.

ಯಂತ್ರ ಬಂದಾಗ ಮನುಷ್ಯನಿಗೆ ಏನಾಗುತ್ತದೆ? ವಿಜ್ಞಾನ ಅವನ ಮನೆ, ನಿದ್ದೆ, ಸಂಬಂಧ, ದುಡಿಮೆಗಳನ್ನು ಹೇಗೆ ತಿರುಗಿಸುತ್ತದೆ? ಸಿನಿಮಾ ಈ ಪ್ರಶ್ನೆಯನ್ನು ನೂರು ವರ್ಷಗಳಿಂದ ಕೇಳುತ್ತಿದೆ. ಕೇಳುವ ಸಿನಿಮಾವೇ ಯಂತ್ರದ ಕೂಸಾದ್ದರಿಂದ ತಕರಾರು. ಯಂತ್ರದ ಮೇಲೆ ಯಂತ್ರವೇ ಸಾಕ್ಷಿ ಹೇಳಿದರೆ ಎಷ್ಟು ನಂಬಬೇಕು? ಕಥೆ ಹೇಳಿದರೆ ಸಾಕೋ, ಕಥೆ ಹೇಳುವ ಬಗೆಯನ್ನೇ ಒಡೆದು ಕಟ್ಟಬೇಕೋ? ಕರ್ನಾಟಕದಲ್ಲಿ ಈ ಎರಡನೆಯ ಪ್ರಶ್ನೆಗೆ ಎರಡು ಪ್ರತ್ಯೇಕ ಗುಂಪುಗಳು ಎರಡು ಬಗೆಯ ಉತ್ತರ ಕೊಟ್ಟಿವೆ. ಎರಡೂ ಗುಂಪಿನವರಿಗೆ ಬೆಂಗಳೂರೇ ನೆಲೆ. ಆದರೂ ಪರಸ್ಪರ ಮಾತಾಡಿದ್ದು ಬಹಳ ಕಡಿಮೆ.

ಕಾರ್ಖಾನೆಯ ಗೇಟಿನಿಂದ ಶುರು

1895ರ ಡಿಸೆಂಬರ್ 28ರಂದು ಪ್ಯಾರಿಸ್‌ನಲ್ಲಿ ಲೂಮಿಯೆರ್ ಸೋದರರು ದುಡ್ಡು ಕೊಟ್ಟು ಬಂದ ಪ್ರೇಕ್ಷಕರಿಗೆ ತೋರಿಸಿದ ತುಣುಕುಗಳಲ್ಲಿ ಒಂದು, ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವ ದೃಶ್ಯ. ಸರಿಯಾಗಿ ನೂರು ವರ್ಷಗಳ ನಂತರ, 1995ರಲ್ಲಿ, ಜರ್ಮನಿಯ ಹಾರುನ್ ಫರೋಕಿ ಅದೇ ಹೆಸರಿನ ಪ್ರಬಂಧಚಿತ್ರ ಮಾಡಿದರು. ಸಿನಿಮಾದ ಕ್ಯಾಮೆರಾ ಕಾರ್ಖಾನೆಯ ಗೇಟಿನ ಹೊರಗೇ ನಿಂತುಬಿಟ್ಟಿದೆ, ಒಳಗಿನ ದುಡಿಮೆಯನ್ನು ನೋಡಲು ಅದಕ್ಕೆ ಮನಸ್ಸಿಲ್ಲ ಎಂಬುದು ಅವರ ದೂರು. ಈ ದೂರನ್ನು ನೆನಪಿಟ್ಟುಕೊಂಡರೆ ಮುಂದೆ ಬರುವ ಅನೇಕ ಚಿತ್ರಗಳನ್ನು ಅಳೆಯುವುದು ಸುಲಭ.

ನಡುವಿನ ಶತಮಾನದಲ್ಲಿ ಮೂರು ನಿಲುವುಗಳು ಗಟ್ಟಿಯಾದವು. ಮೊದಲನೆಯದು ಯಂತ್ರದ ಮೋಹ. ಫ್ರಾನ್ಸಿನ ಚಿತ್ರಕಾರ ಫೆರ್ನಾಂ ಲೆಜೆ 1924ರಲ್ಲಿ ‘ಬಾಲೆ ಮೆಕಾನಿಕ್’ ಮಾಡಿ ಪಿಸ್ಟನ್ನು, ಪಾತ್ರೆ, ನಗುವ ತುಟಿಗಳನ್ನು ಒಂದೇ ತಾಳಕ್ಕೆ ಕುಣಿಸಿದ. ಸೋವಿಯತ್ ಒಕ್ಕೂಟದ ಜಿಗಾ ವೆರ್ತೊವ್ 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ದಲ್ಲಿ, ಮನುಷ್ಯನ ಕಣ್ಣಿಗಿಂತ ಕ್ಯಾಮೆರಾದ ಕಣ್ಣೇ ಮೇಲು ಎಂದು ಸಾಧಿಸಲು ಹೊರಟ. ಎರಡನೆಯದು ಯಂತ್ರದ ಭಯ. ಹಿರೋಶಿಮಾದ ನಂತರ ಇದು ಸಹಜವೂ ಆಗಿತ್ತು. ಕ್ರಿಸ್ ಮಾರ್ಕರ್‌ನ 28 ನಿಮಿಷದ ‘ಲಾ ಜೆಟೆ’ (1962) ಅಣುಯುದ್ಧದಲ್ಲಿ ಬೆಂದ ಪ್ಯಾರಿಸ್‌ನ ನೆಲಮಾಳಿಗೆಯಲ್ಲಿ ಕೈದಿಯೊಬ್ಬನ ಮೇಲೆ ನಡೆಯುವ ಕಾಲಯಾನದ ಪ್ರಯೋಗವನ್ನು ಬಹುತೇಕ ಸ್ಥಿರಚಿತ್ರಗಳಲ್ಲೇ ಹೇಳುತ್ತದೆ. ಗಾಡ್‌ಫ್ರೀ ರೆಜಿಯೊನ ‘ಕೊಯಾನಿಸ್‌ಕಾಟ್ಸಿ’ (1982) ಒಂದೂ ಸಂಭಾಷಣೆಯಿಲ್ಲದೆ, ಫಿಲಿಪ್ ಗ್ಲಾಸ್‌ನ ಸಂಗೀತದ ಮೇಲೆ, ದಿಕ್ಕುತಪ್ಪಿದ ನಾಗರಿಕತೆಯನ್ನು ವೇಗ ಹೆಚ್ಚಿಸಿ ತೋರಿಸಿತು. ಮೂರನೆಯ ನಿಲುವಿನವರು ಹೊರಗಿನ ಯಂತ್ರದ ಗೊಡವೆ ಬಿಟ್ಟು ತಮ್ಮ ಕೈಯಲ್ಲಿರುವ ಫಿಲ್ಮು, ಲೆನ್ಸು, ಪ್ರೊಜೆಕ್ಟರನ್ನೇ ಪರೀಕ್ಷೆಗೆ ಒಡ್ಡಿದರು.

ಈ ಮೂರೂ ನಮ್ಮಲ್ಲಿಗೆ ಬಂದಿವೆ. ಅವು ಬಂದ ದಾರಿ ಮಾತ್ರ ವಿಚಿತ್ರ.

ಸರ್ಕಾರದ ದುಡ್ಡು, ಸರ್ಕಾರಕ್ಕೇ ಅರ್ಥವಾಗದ ಚಿತ್ರ

1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ಎಂದರೆ ಹಳಬರಿಗೆ ನೆನಪಾಗುವುದು ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ವಾರ್ತಾಚಿತ್ರಗಳು. ಅಣೆಕಟ್ಟು, ಉಕ್ಕಿನ ಕುಲುಮೆ, ಗೊಬ್ಬರದ ಕಾರ್ಖಾನೆ, ಅದರ ಮೇಲೊಂದು ಗಂಭೀರ ಧ್ವನಿ. ಜನ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದರು ಎಂಬ ಗೇಲಿ ಪೂರ್ತಿ ಸುಳ್ಳಲ್ಲ. ಆದರೆ ಅರವತ್ತರ ದಶಕದ ಉತ್ತರಾರ್ಧದಲ್ಲಿ ಅದೇ ಸಂಸ್ಥೆಯೊಳಗೆ ಕೆಲವರು ಯಾರೂ ಕೇಳದಿದ್ದ ಕೆಲಸ ಮಾಡಿದರು.

ಅವರಲ್ಲಿ ಒಡಿಶಾದ ಪ್ರಮೋದ್ ಪತಿ ಮುಖ್ಯರು. ಚೆಕೊಸ್ಲೊವಾಕಿಯಾದಲ್ಲಿ ಗೊಂಬೆ ಅನಿಮೇಷನ್ ಕಲಿತು ಬಂದವರು. ಅವರ ‘ಎಕ್ಸ್‌ಪ್ಲೋರರ್’ (1968) ಏಳು ನಿಮಿಷದ್ದು. ಕುಣಿಯುವ ತರುಣರು, ಪ್ರಯೋಗಾಲಯದ ಉಪಕರಣಗಳು, ದೇವರ ಪಟಗಳು, ಧ್ಯಾನ, ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ವಿವರಣೆಯ ಧ್ವನಿ ಇಲ್ಲವೇ ಇಲ್ಲ. ವಿಜ್ಞಾನ ಮುಂದಕ್ಕೆ, ಸಂಪ್ರದಾಯ ಹಿಂದಕ್ಕೆ ಎಂಬ ಸರ್ಕಾರಿ ಸಾಲನ್ನು ಒಪ್ಪುವುದೂ ಇಲ್ಲ, ತಳ್ಳುವುದೂ ಇಲ್ಲ. ಎರಡೂ ಒಂದೇ ತಲೆಯೊಳಗೆ ಏಕಕಾಲಕ್ಕೆ ಸದ್ದು ಮಾಡುತ್ತಿವೆ ಎಂದಷ್ಟೇ ತೋರಿಸುತ್ತದೆ. ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆ್ಯಮ್ 20’ (1967) ಇನ್ನೊಂದು ಬಗೆಯದು. ಸ್ವಾತಂತ್ರ್ಯದೊಂದಿಗೇ ಹುಟ್ಟಿದ ಇಪ್ಪತ್ತರ ಹರೆಯದವರನ್ನು ಮಾತಾಡಿಸಿ, ಅಭಿವೃದ್ಧಿಯ ಚಿತ್ರಗಳ ಪಕ್ಕದಲ್ಲಿ ಅವರ ಅನುಮಾನಗಳನ್ನು ಇಟ್ಟಿತು. ಮರುವರ್ಷದ ‘ಆ್ಯಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್’ನಲ್ಲಿ ಶಾಸ್ತ್ರಿ ತಮ್ಮ ಕಸುಬನ್ನೇ ಚೇಷ್ಟೆ ಮಾಡಿಕೊಂಡರು.

ಇವರ ಬಗ್ಗೆ ವಿಮರ್ಶಕರಲ್ಲಿ ಎರಡು ಪಕ್ಷಗಳಿವೆ. ಸರ್ಕಾರಿ ಯಂತ್ರದೊಳಗೆ ಕುಳಿತೇ ಅದರ ಭಾಷೆಯನ್ನು ಕೆಡಿಸಿದವರು ಎಂದು ಮೆಚ್ಚುವವರು ಒಂದು ಕಡೆ. ಕುಟುಂಬ ಯೋಜನೆಯ ಪ್ರಚಾರಕ್ಕೂ ಇದೇ ಪತಿ ಇದೇ ಚುರುಕು ಸಂಕಲನ ಬಳಸಿದರಲ್ಲ, ಅದು ಪ್ರಚಾರಕ್ಕೆ ಹೊಸ ಬಣ್ಣ ಬಳಿದಂತಾಗಲಿಲ್ಲವೇ ಎಂದು ಕೇಳುವವರು ಇನ್ನೊಂದು ಕಡೆ. ಎರಡನೆಯ ಪ್ರಶ್ನೆಯಲ್ಲಿ ಹುರುಳಿದೆ. ಆದರೂ ‘ಎಕ್ಸ್‌ಪ್ಲೋರರ್’ನಂಥ ಚಿತ್ರ ಖಾಸಗಿ ಹಣದಿಂದ ಆ ಕಾಲದಲ್ಲಿ ಹುಟ್ಟುತ್ತಿರಲಿಲ್ಲ, ಹುಟ್ಟಿದ್ದರೂ ಸಾವಿರಾರು ಚಿತ್ರಮಂದಿರಗಳ ತೆರೆ ಮುಟ್ಟುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಪ್ರೇಕ್ಷಕರೇ ಪ್ರಯೋಗಕ್ಕೆ ಒಳಗಾದಾಗ

ರಾಯಚೂರು ಸೀಮೆಗೆ ಬಂದ ಆಂಟೆನಾಗಳ ಕಥೆಯನ್ನು ಚಲನಚಿತ್ರ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಬಿಡಬಾರದು. ‘ಸೈಟ್’ ಎಂಬ ಹ್ರಸ್ವನಾಮದ ಆ ಯೋಜನೆಯ ಪೂರ್ಣ ಹೆಸರಿನಲ್ಲೇ ಪ್ರಯೋಗ ಎಂಬ ಮಾತಿತ್ತು. ವಿಕ್ರಮ್ ಸಾರಾಭಾಯಿ ಕಂಡ ಕನಸು, ಅವರು 1971ರಲ್ಲಿ ತೀರಿಕೊಂಡ ನಂತರ ಇಸ್ರೊ ಅದನ್ನು ನನಸು ಮಾಡಿತು. ಆರು ರಾಜ್ಯಗಳ 2,400 ಹಳ್ಳಿಗಳು, ಒಂದು ವರ್ಷ. ಬೆಳಿಗ್ಗೆ ಶಾಲಾಮಕ್ಕಳಿಗೆ ವಿಜ್ಞಾನ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದ್‌ನ ಕೇಂದ್ರದಲ್ಲಿ, ತೆಲುಗಿನ ಜೊತೆಜೊತೆಗೆ.

ಇಲ್ಲಿ ಪ್ರಯೋಗವಾದದ್ದು ಚಿತ್ರಗಳ ಶೈಲಿಯಲ್ಲಿ ಅಲ್ಲ, ನೋಡುವವರ ಮೇಲೆ. ಶಾಲೆಯ ಅಂಗಳದಲ್ಲೋ ಪಂಚಾಯಿತಿ ಕಟ್ಟೆಯ ಮೇಲೋ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಯಾರು ಯಾರ ಪಕ್ಕ ಕೂರುತ್ತಾರೆ, ಹೆಂಗಸರು ಬರುತ್ತಾರೋ ಇಲ್ಲವೋ, ನೋಡಿದ್ದು ಹೊಲಕ್ಕೆ ಹೋಗುತ್ತದೋ ಇಲ್ಲವೋ ಎಂದು ಸಮಾಜವಿಜ್ಞಾನಿಗಳು ಬೆನ್ನುಹತ್ತಿ ಅಧ್ಯಯನ ಮಾಡಿದರು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹ ತನ್ನ ಯಜಮಾನರ ಕಡೆಗೆ ಸರಿಯಿತು. ತಂತ್ರಜ್ಞಾನ ಮನುಷ್ಯನನ್ನು ಏನು ಮಾಡುತ್ತದೆ ಎಂಬುದನ್ನು ಕೇಳುವ ಯಾವ ಕಲಾಚಿತ್ರವೂ ತನ್ನ ಪರಿಣಾಮವನ್ನು ಇಷ್ಟು ಶ್ರದ್ಧೆಯಿಂದ ಅಳೆದುಕೊಂಡಿಲ್ಲ. ಬಂದ ಯಂತ್ರ ಒಂದೇ ವರ್ಷಕ್ಕೆ ಸುಮ್ಮನಾದಾಗ ಆ ಹಳ್ಳಿಗರಿಗೆ ಏನನ್ನಿಸಿರಬಹುದು ಎಂಬುದು ಸಿನಿಮಾ ಆಗಬೇಕಾದ ವಸ್ತು.

ಗುಲಾಬಿಯ ಟಿವಿ, ನಾಗಿಯ ನೀರು

ಕನ್ನಡದ ಹೊಸ ಅಲೆ 1970ರ ‘ಸಂಸ್ಕಾರ’ದಿಂದ ಎದ್ದಾಗ ಅದರ ಕಣ್ಣಿದ್ದದ್ದು ಜಾತಿ, ಅಗ್ರಹಾರ, ಜಮೀನ್ದಾರಿಯ ಮೇಲೆ. ಯಂತ್ರ ಅದರ ಚೌಕಟ್ಟಿನೊಳಗೆ ತಡವಾಗಿ ಬಂತು. ಬಂದಾಗಲೂ ಯಂತ್ರವಾಗಿ ಬರಲಿಲ್ಲ, ಅದರ ಪರಿಣಾಮವಾಗಿ ಬಂತು.

ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ (2002) ಇದಕ್ಕೆ ಒಳ್ಳೆಯ ನಿದರ್ಶನ. ಮೂಲ ಕಾದಂಬರಿ ಬರೆದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಶರಾವತಿ ಕಣಿವೆಯ ಮುಳುಗಡೆಯನ್ನು ಹತ್ತಿರದಿಂದ ಕಂಡವರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ನಾಡಿಗೆ ಬೆಳಕು ಕೊಟ್ಟು, ಹಿನ್ನೀರಿನ ಜನಕ್ಕೆ ಕೊಟ್ಟದ್ದು ಬೇರೆಯೇ. ಚಿತ್ರದಲ್ಲಿ ಕಾಂಕ್ರೀಟು, ಟರ್ಬೈನುಗಳಿಗಿಂತ ತೆರೆ ತುಂಬುವುದು ಮಳೆ ಮತ್ತು ಏರುವ ನೀರು. ಗುಡ್ಡದ ಮೇಲಿನ ಒಂದೇ ಮನೆ, ಅದರೊಳಗಿನ ನಾಗಿ, ಅವಳ ಗಂಡ, ಮಾವ. ಎಂಜಿನಿಯರಿಂಗ್ ಎಂಬುದು ಅವರ ಪಾಲಿಗೆ ಪರಿಹಾರದ ಕಾಗದ ಹಿಡಿದು ಬರುವ ಅಧಿಕಾರಿಗಳು, ಅಷ್ಟೆ. ಇದಕ್ಕೂ ಮೊದಲು ಕೇಸರಿ ಹರವೂ ಅವರ ‘ಭೂಮಿಗೀತ’ವೂ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರತ್ತ ನೋಡಿತ್ತು.

‘ಗುಲಾಬಿ ಟಾಕೀಸ್’ (2008) ಇನ್ನಷ್ಟು ಸೂಕ್ಷ್ಮ. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಕಾಸರವಳ್ಳಿ ಕಾಲವನ್ನು ತೊಂಬತ್ತರ ದಶಕದ ಕೊನೆಗೆ ಸರಿಸಿ, ಟಾಕೀಸಿನ ಜಾಗದಲ್ಲಿ ಡಿಶ್ ಆಂಟೆನಾದ ಬಣ್ಣದ ಟಿವಿ ಇಟ್ಟರು. ಈ ಒಂದು ಬದಲಾವಣೆಯೇ ಚಿತ್ರದ ಅಸಲು ಪ್ರಯೋಗ. ಟಾಕೀಸಾದರೆ ಟಿಕೆಟ್ಟು ಕೊಂಡು ಕತ್ತಲಲ್ಲಿ ಕೂತು ಎದ್ದುಹೋಗಬಹುದು. ಟಿವಿ ನೋಡಬೇಕಾದರೆ ಯಾರದೋ ಮನೆಯ ಹೊಸ್ತಿಲು ದಾಟಬೇಕು. ಸೂಲಗಿತ್ತಿ ಗುಲಾಬಿಗೆ ಉಳ್ಳವರ ಮನೆಯ ಹೆರಿಗೆ ಮಾಡಿಸಿದ್ದಕ್ಕೆ ಟಿವಿ ಸಿಗುತ್ತದೆ. ಮೀನುಗಾರರ ಕೇರಿಯ ಹೆಂಗಸರು, ಅದುವರೆಗೆ ದೂರವೇ ಉಳಿದವರು, ಒಬ್ಬೊಬ್ಬರಾಗಿ ಮುಸ್ಲಿಂ ಹೆಂಗಸಿನ ಮನೆಯೊಳಕ್ಕೆ ಬರುತ್ತಾರೆ. ಹೊರಗೆ ಕಾರ್ಗಿಲ್ ಯುದ್ಧದ ಸುದ್ದಿ, ಸಣ್ಣ ದೋಣಿಯವರಿಗೂ ಟ್ರಾಲರ್ ಬೋಟುಗಳಿಗೂ ಜಗಳ, ಅದಕ್ಕೆ ಮತದ ಬಣ್ಣ. ಟಿವಿ ಕೂಡಿಸಿದವರನ್ನು ಊರು ಬಿಡಿಸುತ್ತದೆ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀ ರಾಷ್ಟ್ರಪ್ರಶಸ್ತಿ ಪಡೆದರು.

ಅಲ್ ಖುವೈರ್‌ನಲ್ಲಿ ಕುಳಿತು ಈ ಚಿತ್ರ ನೋಡುವ ಕುಂದಾಪುರದವರಿಗೆ ತೆರೆಯ ಮೇಲಿಲ್ಲದ ಇನ್ನೊಂದು ಕೊನೆ ಗೊತ್ತು. ಕರಾವಳಿಯ ಎಷ್ಟೋ ಮನೆಗಳಿಗೆ ಮೊದಲ ಟೂ-ಇನ್-ವನ್, ಮೊದಲ ವಿಸಿಆರ್, ಮೊದಲ ಬಣ್ಣದ ಟಿವಿ ಬಂದದ್ದು ಗಲ್ಫ್‌ನಲ್ಲಿ ದುಡಿದವರ ಪೆಟ್ಟಿಗೆಯಲ್ಲಿ. ಕಾಗದ ಬರೆಯಲು ಬಾರದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಗುಲಾಬಿಯ ಕೇರಿಗೆ ಯಂತ್ರ ಕಳಿಸಿದ ಕೈಗಳ ಕಥೆ ಕನ್ನಡ ಸಿನಿಮಾದಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ.

ಕಾಸರವಳ್ಳಿಯವರೇ ‘ಕೂರ್ಮಾವತಾರ’ದಲ್ಲಿ (2011) ಟಿವಿಯ ಇನ್ನೊಂದು ಮುಖಕ್ಕೆ ಬಂದರು: ಧಾರಾವಾಹಿಯಲ್ಲಿ ಗಾಂಧಿಯ ವೇಷ ಹಾಕಿದ ಸರ್ಕಾರಿ ನೌಕರನ ಮೇಲೆ ಆ ವೇಷ ಸವಾರಿ ಮಾಡುತ್ತದೆ.

ಈ ಪಂಥ ಬಹಳಷ್ಟನ್ನು ವಿವರಿಸುತ್ತದೆ. ಒಂದೇ ಯಂತ್ರ ಹೆಂಗಸಿಗೆ ಒಂದು, ಗಂಡಸಿಗೆ ಇನ್ನೊಂದು, ಬಹುಸಂಖ್ಯಾತರಿಗೆ ಒಂದು, ಒಂಟಿ ಮನೆಯವರಿಗೆ ಇನ್ನೊಂದು ಆಗುವುದನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಿಲ್ಲ. ಆಕ್ಷೇಪವೂ ಇದೆ. ಟಿವಿ ನೋಡುವ ಅಭ್ಯಾಸವನ್ನೇ ಬದಲಿಸಿತು, ಚಾನೆಲ್ಲಿನಿಂದ ಚಾನೆಲ್ಲಿಗೆ ಜಿಗಿಯುವ ಚಂಚಲತೆ ತಂದಿತು. ಆದರೆ ಅದನ್ನು ಹೇಳುವ ಚಿತ್ರ ಮಾತ್ರ ನಿಧಾನವಾಗಿ, ನೇರವಾಗಿ, ಹಳೆಯ ಕ್ರಮದಲ್ಲೇ ಸಾಗುತ್ತದಲ್ಲ? ಹೋಲಿಕೆಗೆ ಟ್ರಾಲರ್ ಬೋಟನ್ನೇ ತೆಗೆದುಕೊಳ್ಳಬಹುದು. ಹಾರ್ವರ್ಡ್‌ನ ಸೆನ್ಸರಿ ಎಥ್ನಾಗ್ರಫಿ ಲ್ಯಾಬ್‌ನ ಲೂಸಿಯನ್ ಕಾಸ್ಟೆಂಗ್-ಟೇಲರ್ ಮತ್ತು ವೆರೆನಾ ಪರಾವೆಲ್ ‘ಲೆವಯಥನ್’ (2012) ಚಿತ್ರಕ್ಕೆ ಅಟ್ಲಾಂಟಿಕ್‌ನ ಮೀನುಗಾರಿಕಾ ಹಡಗಿನ ಬಲೆ, ಹಗ್ಗ, ಮೀನುಗಾರರ ಮೈಗೆಲ್ಲ ಪುಟ್ಟ ಗೋಪ್ರೊ ಕ್ಯಾಮೆರಾಗಳನ್ನು ಕಟ್ಟಿದರು. ನೋಡುವವನಿಗೆ ದಿಕ್ಕು ತಪ್ಪುತ್ತದೆ, ಯಂತ್ರದ ಹಸಿವು ಮೈಗೇ ತಟ್ಟುತ್ತದೆ. ಆದರೆ ಆ ಬೋಟು ಯಾರದು, ಅದರಿಂದ ಯಾರ ಒಲೆ ಆರಿತು ಎಂಬುದು ಕೊನೆಗೂ ತಿಳಿಯುವುದಿಲ್ಲ. ಅದನ್ನು ತಿಳಿಯಲು ಮತ್ತೆ ‘ಗುಲಾಬಿ ಟಾಕೀಸ್’ಗೇ ಬರಬೇಕು.

ತಗಡಿನ ಬೇಲಿಯ ಹಿಂದೆ

ಎರಡನೆಯ ಗುಂಪು ಬೆಂಗಳೂರಿನ ಗ್ಯಾಲರಿ, ಕಲಾಶಾಲೆ, ಸಣ್ಣ ಸಭಾಂಗಣಗಳಲ್ಲಿ ಬೆಳೆದದ್ದು. ಶಾಯಿ ಹೆರೇಡಿಯಾ 2003ರಲ್ಲಿ ಆರಂಭಿಸಿದ ‘ಎಕ್ಸ್‌ಪೆರಿಮೆಂಟಾ’ ಉತ್ಸವ ಮುಂದೆ ಬೆಂಗಳೂರಿನಲ್ಲಿ ನೆಲೆ ಕಂಡಿತು. ಪತಿ, ಶಾಸ್ತ್ರಿಯಂಥವರ ಚಿತ್ರಗಳನ್ನು ಧೂಳು ಕೊಡವಿ ಹೊಸ ಪೀಳಿಗೆಗೆ ತೋರಿಸಿದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಈ ಉತ್ಸವದ್ದು. ಹೆರೇಡಿಯಾ ಮತ್ತು ಶುಮೋನಾ ಗೋಯೆಲ್ ಮಾಡಿದ ‘ಐ ಆ್ಯಮ್ ಮೈಕ್ರೊ’ (2012) ಪಾಳುಬಿದ್ದ ಮಸೂರ–ಕ್ಯಾಮೆರಾ ಕಾರ್ಖಾನೆಯೊಳಗೆ ಅಲೆಯುತ್ತದೆ. ಜೊತೆಗೆ ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡುವವರ ಪಾಡು. ಅದೇ ವರ್ಷದ ಜನವರಿಯಲ್ಲಿ ಅಮೆರಿಕದ ಕೊಡಾಕ್ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಗಿತ್ತು. ಫಿಲ್ಮಿನ ಯುಗ ಮುಗಿಯುತ್ತಿರುವುದನ್ನು ಫಿಲ್ಮೇ ದಾಖಲಿಸಿಕೊಂಡಂತಾಯಿತು.

ಇದೇ ಎಳೆಯನ್ನು ಯಶಸ್ವಿನಿ ರಘುನಂದನ್ ಅವರ ‘ದಟ್ ಕ್ಲೌಡ್ ನೆವರ್ ಲೆಫ್ಟ್’ (2019) ಇನ್ನೂ ಲವಲವಿಕೆಯಿಂದ ಹಿಡಿದಿದೆ. ಪಶ್ಚಿಮ ಬಂಗಾಳದ ಒಂದು ಹಳ್ಳಿಯಲ್ಲಿ ಜನ ಗುಜರಿಗೆ ಬಿದ್ದ 35 ಎಂಎಂ ಸಿನಿಮಾ ರೀಲುಗಳನ್ನು ಕತ್ತರಿಸಿ ಪೀಪಿ, ಗಿರಗಟ್ಟೆ ಮಾಡುತ್ತಾರೆ. ಯಾವುದೋ ನಾಯಕಿಯ ಮುಖ ಮಗುವಿನ ಕೈಯಲ್ಲಿ ಗಿರ್ರನೆ ತಿರುಗುತ್ತದೆ. ಹಳ್ಳಿ ಚಂದ್ರಗ್ರಹಣಕ್ಕೆ ಕಾಯುತ್ತಿದೆ. ಸತ್ತ ತಂತ್ರಜ್ಞಾನಕ್ಕೆ ಮರುಜನ್ಮ ಕೊಡುವವರು ಬಡ ಕುಶಲಕರ್ಮಿಗಳು ಎಂಬುದನ್ನು ಈ ಚಿತ್ರ ಉಪದೇಶವಿಲ್ಲದೆ ಕಾಣಿಸುತ್ತದೆ. ಇತ್ತೀಚಿನ ಭಾರತೀಯ ಪ್ರಯೋಗಚಿತ್ರಗಳಲ್ಲಿ ಇದಕ್ಕೆ ಸಾಟಿ ಸಿಗುವುದು ಅಪರೂಪ.

ರಘುನಂದನ್ ಮತ್ತು ಏಕತಾ ಮಿತ್ತಲ್ ಅದಕ್ಕೂ ಮೊದಲು ‘ಬಿಹೈಂಡ್ ದ ಟಿನ್ ಶೀಟ್ಸ್’ ಹೆಸರಿನ ಯೋಜನೆಯಲ್ಲಿ ನಮ್ಮ ಮೆಟ್ರೊ ಕಟ್ಟುತ್ತಿದ್ದ ವಲಸೆ ಕಾರ್ಮಿಕರ ಜೊತೆ ಮೂರು ಕಿರುಚಿತ್ರ ಮಾಡಿದ್ದರು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು. ಆ ದಿನ ಪತ್ರಿಕೆಗಳ ತುಂಬ ರೈಲಿನ ಚಿತ್ರಗಳು. ಈ ಚಿತ್ರಗಳಲ್ಲೋ ರೈಲಿಗಿಂತ ತಗಡಿನ ಬೇಲಿಯ ಹಿಂದಿನ ರಾತ್ರಿಗಳೇ ಮುಖ್ಯ. ‘ಪ್ರೆಸೆನ್ಸ್’ನಲ್ಲಿ (2012) ಕೆಲಸಗಾರರು ಹೇಳುವುದು ದೆವ್ವಗಳ ಕಥೆ. ಕೂಲಿ ಎಷ್ಟು, ಸುರಕ್ಷತೆ ಇದೆಯೋ ಇಲ್ಲವೋ ಎಂಬ ವರದಿಗಾರಿಕೆಯ ಪ್ರಶ್ನೆಗಳಿಗೆ ಸಿಗದ ಭಯ, ಒಂಟಿತನ, ಆಸೆ ದೆವ್ವದ ನೆಪದಲ್ಲಿ ಹೊರಬರುತ್ತದೆ. ಫರೋಕಿಯ ದೂರಿಗೆ ಬೆಂಗಳೂರು ಕೊಟ್ಟ ಉತ್ತರ ಎಂದು ಇದನ್ನು ಕರೆಯಬಹುದು: ಕ್ಯಾಮೆರಾ ಗೇಟಿನೊಳಗೆ ಹೋಗಿದೆ.

ಇದೇ ನಗರದ ಸಾಫ್ಟ್‌ವೇರ್ ಕಚೇರಿಗಳೊಳಗೆ ಹೋದವರು ಗೌತಮ್ ಸೊಂಟಿ ಮತ್ತು ಮಾನವಶಾಸ್ತ್ರಜ್ಞೆ ಕ್ಯಾರಲ್ ಉಪಾಧ್ಯ. ಅವರ ‘ಕೋಡಿಂಗ್ ಕಲ್ಚರ್’ (2006) ಸರಣಿ ಶೈಲಿಯಲ್ಲಿ ಸರಳ ಸಾಕ್ಷ್ಯಚಿತ್ರವೇ. ಆದರೆ ಸಮಯ, ಮಾತು, ನಡತೆ ಎಲ್ಲವನ್ನೂ ಕಂಪನಿಯ ಅಚ್ಚಿಗೆ ಹೊಯ್ಯುವ ಕ್ರಮವನ್ನು ಅದು ಹಿಡಿದಷ್ಟು ಯಾವ ಕಥಾಚಿತ್ರವೂ ಹಿಡಿದಿಲ್ಲ. ಅದರ ಹಿಂದಿನ ವರ್ಷ ಬಂದ ಆಶಿಮ್ ಅಹ್ಲುವಾಲಿಯಾ ಅವರ ‘ಜಾನ್ ಆ್ಯಂಡ್ ಜೇನ್’ ಮುಂಬೈ ಕಾಲ್ ಸೆಂಟರಿನ ನೌಕರರನ್ನು ವೈಜ್ಞಾನಿಕ ಕಲ್ಪನೆಯ ಪಾತ್ರಗಳಂತೆ ಚಿತ್ರಿಸಿತು.

ಈ ಗುಂಪಿನ ಚಿತ್ರಗಳ ಮೇಲೊಂದು ನ್ಯಾಯವಾದ ಆರೋಪವಿದೆ. ಇವು ರಾಟರ್‌ಡ್ಯಾಮ್, ಬರ್ಲಿನ್ ಮುಟ್ಟುತ್ತವೆ, ರಾಣೆಬೆನ್ನೂರು ಮುಟ್ಟುವುದಿಲ್ಲ. ಇವುಗಳಲ್ಲಿ ಕನ್ನಡ ಕೇಳಿಸುವುದೂ ಅಪರೂಪ. ಅಪವಾದವಾಗಿ ನಿಲ್ಲುವುದು ಕಲಾವಿದ ಬಾಬು ಈಶ್ವರ್ ಪ್ರಸಾದ್ ಅವರ ‘ಗಾಳಿಬೀಜ’ (2015). ರಸ್ತೆ ಎಂಜಿನಿಯರನೊಬ್ಬನ ಅಲೆದಾಟ, ದಾರಿಯಲ್ಲಿ ಸಿಕ್ಕುವ ಜನ, ಕಳ್ಳ ಡಿವಿಡಿಗಳಲ್ಲಿ ನೋಡಿದ ಜಗತ್ತಿನ ರೋಡ್ ಸಿನಿಮಾಗಳು, ಎಲ್ಲವೂ ಕನ್ನಡದಲ್ಲೇ, ಸಾವಕಾಶವಾಗಿ. ಹೆದ್ದಾರಿ ಎಂಬ ತಂತ್ರಜ್ಞಾನ ಮನುಷ್ಯನ ಗುರಿಯನ್ನೇ ಸಡಿಲಿಸುವುದನ್ನು ಅದು ಹೇಳುತ್ತದೆ. ಎರಡು ಗುಂಪುಗಳ ನಡುವೆ ಸೇತುವೆಯಾಗಬಹುದಾಗಿದ್ದ ಈ ಚಿತ್ರದ ದಾರಿಯಲ್ಲಿ ಮುಂದೆ ನಡೆದವರು ಕಾಣುವುದಿಲ್ಲ.

ಕಡಲಿನ ಮಧ್ಯೆ ಮೊಬೈಲು

ಗಲ್ಫ್‌ನಲ್ಲಿರುವ ಕನ್ನಡಿಗರು ಹುಡುಕಿ ನೋಡಬೇಕಾದ ಚಿತ್ರ ಮುಂಬೈನ ‘ಕ್ಯಾಂಪ್’ ತಂಡದ ಶೈನಾ ಆನಂದ್ ಮತ್ತು ಅಶೋಕ್ ಸುಕುಮಾರನ್ ಅವರದು: ‘ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್’ (2013). ಕಚ್ಛ್, ಸಿಂಧ್, ಬಲೂಚಿಸ್ತಾನ, ದಕ್ಷಿಣ ಇರಾನ್‌ನ ನಾವಿಕರು ಮರದ ಹಡಗುಗಳಲ್ಲಿ ಶಾರ್ಜಾದಿಂದ ಸೊಮಾಲಿಯಾದ ಬಂದರುಗಳವರೆಗೆ ಸರಕು ಸಾಗಿಸುವಾಗ ತಮ್ಮ ಅಗ್ಗದ ಮೊಬೈಲುಗಳಲ್ಲಿ ತೆಗೆದುಕೊಂಡ ವಿಡಿಯೊಗಳೇ ಈ ಚಿತ್ರದ ಜೀವಾಳ. ಅವರೇ ಹಾಡು ಕೂಡಿಸಿ ಗೆಳೆಯರಿಗೆ ದಾಟಿಸಿದ ತುಣುಕುಗಳು. ಚಿತ್ರಬಿಂಬ ಒಡೆದು ಚೌಕಚೌಕವಾಗುತ್ತದೆ, ಗಾಳಿಯ ಸದ್ದು ಮಾತನ್ನು ನುಂಗುತ್ತದೆ. ಆ ಅಂದಗೇಡಿತನವೇ ಸಾಕ್ಷ್ಯ.

ಇಲ್ಲಿ ಚರ್ಚೆ ತಿರುವು ಪಡೆಯುತ್ತದೆ. ಅದುವರೆಗೆ ನಿರ್ದೇಶಕ ನೋಡುವವನು, ಕಾರ್ಮಿಕ ನೋಡಿಸಿಕೊಳ್ಳುವವನು. ಈಗ ಕಾರ್ಮಿಕನ ಕೈಯಲ್ಲೇ ಯಂತ್ರವಿದೆ, ಅವನೇ ಚಿತ್ರಕಾರ. ಹಾಗಾದರೆ ಚಿತ್ರ ಯಾರದು? ಹೆಸರು ಯಾರದು, ಗೌರವಧನ ಯಾರಿಗೆ? ಕ್ಯಾಂಪ್ ತಂಡ ನಾವಿಕರ ಜೊತೆ ವರ್ಷಗಟ್ಟಲೆ ಒಡನಾಡಿ ಮಾಡಿದ್ದರಿಂದ ಈ ಪ್ರಶ್ನೆಯ ಮೊನೆ ಅಷ್ಟು ಚುಚ್ಚುವುದಿಲ್ಲ. ಎಲ್ಲರೂ ಅಷ್ಟು ತಾಳ್ಮೆಯವರಲ್ಲ.

ಒಮಾನ್‌ನದೇ ಸಿನಿಮಾ ವಯಸ್ಸಿನಲ್ಲಿ ಚಿಕ್ಕದು. ಮಸ್ಕತ್ ಅಂತರರಾಷ್ಟ್ರೀಯ ಚಿತ್ರೋತ್ಸವ ಆರಂಭವಾದದ್ದು 2001ರಲ್ಲಿ. ಮೊದಲ ಒಮಾನಿ ಕಥಾಚಿತ್ರ, ಖಾಲಿದ್ ಅಲ್ ಜದ್ಜಾಲಿ ಅವರ ‘ಅಲ್ ಬೂಮ್’, ಬಂದದ್ದು 2006ರಲ್ಲಿ. ಪ್ರಯೋಗಶೀಲತೆ ಹೆಚ್ಚು ಕಾಣುವುದು ಹಸನ್ ಮೀರ್ ಅವರಂಥ ಕಲಾವಿದರ ವಿಡಿಯೊ ಕಲಾಕೃತಿಗಳಲ್ಲಿ. ಈಗ ಅಲ್ ಖುವೈರ್‌ನ ಕಡಲಂಚಿಗೆ ಜಹಾ ಹದೀದ್ ಆರ್ಕಿಟೆಕ್ಟ್ಸ್ ರೂಪಿಸಿದ ಹೊಸ ನಗರಕೇಂದ್ರದ ಯೋಜನೆಯಿದೆ. ಅಲ್ಲಿಯೂ ಬೇಲಿಗಳೇಳುತ್ತವೆ, ಅದರ ಹಿಂದೆ ರಾತ್ರಿ ಕಳೆಯುವವರಲ್ಲಿ ಭಾರತೀಯರೂ ಇರುತ್ತಾರೆ. ನೋಡಲು ಕ್ಯಾಮೆರಾ ಹೋಗುತ್ತದೋ ಇಲ್ಲವೋ, ಕಾದು ನೋಡಬೇಕು.

ಮಾತ್ರೆ, ರೋಬೊ, ಕಾಲಯಾನ

ಮುಖ್ಯವಾಹಿನಿಯನ್ನು ಪೂರ್ತಿ ಬಿಡುವಂತಿಲ್ಲ. ಉಪೇಂದ್ರ ಬರೆದು ನಟಿಸಿದ, ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ (2002) ಪ್ರೀತಿಯಲ್ಲಿ ಬೀಳುವ ರೋಬೊವನ್ನು ಕನ್ನಡಕ್ಕೆ ತಂದಿತು; ರಜನೀಕಾಂತ್ ಅಭಿನಯದ ‘ಎಂದಿರನ್’ಗಿಂತ ಎಂಟು ವರ್ಷ ಮುಂಚೆ. ಚಿತ್ರ ಹೇಗಿತ್ತು ಎಂಬುದು ಬೇರೆ ಮಾತು. 2024ರ ‘ಬ್ಲಿಂಕ್’ ಕಾಲಯಾನವನ್ನು ಕಡಿಮೆ ಖರ್ಚಿನಲ್ಲಿ ಹೆಣೆಯಿತು.

ಇವುಗಳಲ್ಲಿ ತೂಕದ್ದು ಪವನ್ ಕುಮಾರ್ ಅವರ ‘ಲೂಸಿಯಾ’ (2013). ನಿದ್ದೆ ಬಾರದ, ಚಿತ್ರಮಂದಿರದಲ್ಲಿ ಟಾರ್ಚ್ ಬಿಡುವ ಹುಡುಗ ಮಾತ್ರೆ ನುಂಗಿ ಕನಸಿನಲ್ಲಿ ಸಿನಿಮಾ ತಾರೆಯಾಗುತ್ತಾನೆ. ಎರಡು ಬದುಕುಗಳಲ್ಲಿ ಯಾವುದು ನಿಜ ಎಂಬುದನ್ನು ಬಣ್ಣ ಮತ್ತು ಕಪ್ಪು–ಬಿಳುಪಿನ ಆಟದಲ್ಲಿ ಕೊನೆಯವರೆಗೂ ಎಳೆಯಲಾಗಿದೆ. ನೂರಕ್ಕೂ ಹೆಚ್ಚು ಜನ ಅಂತರ್ಜಾಲದ ಮೂಲಕ ಸುಮಾರು 51 ಲಕ್ಷ ರೂಪಾಯಿ ಕೂಡಿಸಿದ್ದರಿಂದ ಹುಟ್ಟಿದ ಚಿತ್ರವಿದು. ಹೊರದೇಶದ ಕನ್ನಡಿಗನೂ ನಿರ್ಮಾಪಕನಾಗಬಹುದು ಎಂದು ಅದು ತೋರಿಸಿಕೊಟ್ಟಿತು. ತಂತ್ರಜ್ಞಾನ ಇಲ್ಲಿ ವಸ್ತುವಾಗಿದ್ದಕ್ಕಿಂತ ಹೆಚ್ಚಾಗಿ ಹಣದ ದಾರಿಯಾಯಿತು.

ಕ್ಯಾಮೆರಾ ಇಲ್ಲದ ಸಿನಿಮಾ

2025ರಲ್ಲಿ ಬೆಂಗಳೂರಿನಿಂದ ಬಂದ ‘ಲವ್ ಯೂ’ ಚಿತ್ರ ಇಡೀ ಚರ್ಚೆಯ ನೆಲವನ್ನೇ ಅಲುಗಿಸಿತು. ಬಾಗಲಗುಂಟೆಯ ಅರ್ಚಕರೂ ಆದ ನರಸಿಂಹಮೂರ್ತಿ ನಿರ್ದೇಶಿಸಿದ ಇದರಲ್ಲಿ ನಟರಿಲ್ಲ, ಕ್ಯಾಮೆರಾ ಇಲ್ಲ. ದೃಶ್ಯ, ಹಾಡುಗಳನ್ನೆಲ್ಲ ಎಐ ತಂತ್ರಾಂಶಗಳಿಂದ ಹುಟ್ಟಿಸಲಾಯಿತು. ಸುಮಾರು ಹತ್ತು ಲಕ್ಷ ರೂಪಾಯಿಯಲ್ಲಿ ಮುಗಿದ ಚಿತ್ರಕ್ಕೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರವೂ ದೊರೆಯಿತು. ಕಲಾಕೃತಿಯಾಗಿ ಇದನ್ನು ಯಾರೂ ‘ಗುಲಾಬಿ ಟಾಕೀಸ್’ ಪಕ್ಕ ಇಡಲಾರರು. ಆದರೆ ಪ್ರಯೋಗ ಎಂಬ ನೆಲೆಯಲ್ಲಿ ತಳ್ಳಿಹಾಕುವಂತಿಲ್ಲ. ಲೆಜೆ, ವೆರ್ತೊವ್, ಪತಿ ಎಲ್ಲರೂ ಎಷ್ಟೇ ಕೈಚಳಕ ತೋರಿದರೂ ಅವರ ಕ್ಯಾಮೆರಾದ ಮುಂದೆ ಏನೋ ಒಂದು ಇದ್ದೇ ಇತ್ತು. ಇಲ್ಲಿ ಏನೂ ಇರಲಿಲ್ಲ.

ಎರಡು ವರ್ಷ ಮೊದಲು, 2023ರಲ್ಲಿ, ಹಾಲಿವುಡ್‌ನ ನಟರು 118 ದಿನ ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಎಐ ಮೇಲಿನ ಕಡಿವಾಣವೂ ಒಂದಾಗಿತ್ತು. ಚಂದನವನದಲ್ಲಿ ಅಂಥ ಸಂಘಟಿತ ಚರ್ಚೆ ನಡೆದಿಲ್ಲ. ಲೈಟ್ ಬಾಯ್, ಜೂನಿಯರ್ ಆರ್ಟಿಸ್ಟ್, ಡಬ್ಬಿಂಗ್ ಕಲಾವಿದರ ಅನ್ನದ ಪ್ರಶ್ನೆ ಇದು. ಮೆಟ್ರೊ ಕಾರ್ಮಿಕರನ್ನು ನೋಡಲು ಹೋದ ಕ್ಯಾಮೆರಾ ತನ್ನದೇ ಸೆಟ್ಟಿನ ಕಾರ್ಮಿಕರನ್ನು ಇನ್ನೂ ನೋಡಿಲ್ಲ.

ಇತ್ಯರ್ಥವಾಗದ್ದು

ಮೊದಲ ತಕರಾರು ಹಾಗೆಯೇ ಇದೆ: ಯಂತ್ರದ ಅನುಭವ ಹೇಳಲು ಚಿತ್ರದ ರೂಪವೂ ಒಡೆಯಬೇಕೇ? ‘ಲೆವಯಥನ್’ ಹೌದೆನ್ನುತ್ತದೆ, ‘ದ್ವೀಪ’ ಅಲ್ಲವೆನ್ನುತ್ತದೆ. ಎರಡೂ ನಿಲುವಿನ ಪರವಾಗಿ ಬಲವಾದ ಚಿತ್ರಗಳಿವೆ. ‘ಪ್ರೆಸೆನ್ಸ್’ ನೋಡಿದವರಿಗೆ ರೂಪ ಸಡಿಲಿಸಿದರೆ ಮನುಷ್ಯರು ಕಳೆದುಹೋಗುತ್ತಾರೆ ಎಂಬ ಭಯ ಅನಗತ್ಯ ಎನಿಸುತ್ತದೆ; ಕನ್ನಡದ ಕಥನ ಪರಂಪರೆಯವರು ಅದನ್ನು ಗಮನವಿಟ್ಟು ನೋಡಿದ್ದಾರೆಯೇ ಎಂಬುದೇ ಅನುಮಾನ. ಅತ್ತ ಗ್ಯಾಲರಿಯವರು ವೈದೇಹಿ, ನಾ. ಡಿಸೋಜರನ್ನು ಓದಿಕೊಂಡು ಚಿತ್ರ ಮಾಡಿದ ಉದಾಹರಣೆಯೂ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು ಪ್ರೇಕ್ಷಕರದ್ದು. 1975ರಲ್ಲಿ ವಿಜ್ಞಾನದ ಕಾರ್ಯಕ್ರಮಗಳು ಹಳ್ಳಿಯ ಕಟ್ಟೆಗೇ ಬಂದಿದ್ದವು. ಇಂದು ಬೆಂಗಳೂರಿನ ಸೈನ್ಸ್ ಗ್ಯಾಲರಿಯಂಥ ಕಡೆ ವಿಜ್ಞಾನ ಮತ್ತು ಕಲೆ ಒಟ್ಟಿಗೆ ಕೂರುತ್ತವೆ, ಆದರೆ ಅದು ಹೆಬ್ಬಾಳದ ಹತ್ತಿರ ಹೋಗಬಲ್ಲವರಿಗೆ. ಮಸ್ಕತ್‌ನ ಕನ್ನಡಿಗನಿಗೆ ದೊಡ್ಡ ತಾರೆಯ ಚಿತ್ರ ಚಿತ್ರಮಂದಿರದಲ್ಲೇ ಸಿಗಬಹುದು, ‘ಗಾಳಿಬೀಜ’ ಸಿಗುವುದಿಲ್ಲ. ಮೂರನೆಯದು, ಎಐ ಹುಟ್ಟಿಸಿದ ಚಿತ್ರಕ್ಕೆ ಕರ್ತೃ ಯಾರು ಎಂಬ ಕಾನೂನಿನ ಪ್ರಶ್ನೆ. ಇದಕ್ಕೆ ಭಾರತದಲ್ಲೂ ಹೊರಗೂ ಖಚಿತ ಉತ್ತರ ಬಂದಿಲ್ಲ.

ಕೊನೆಯದು ಕಚ್ಚಾ ಸಾಮಗ್ರಿಯ ಪ್ರಶ್ನೆ, ಮತ್ತು ಇದರಲ್ಲಿ ಓದುಗರದೂ ಪಾಲಿದೆ. ಕಚ್ಛ್‌ನ ನಾವಿಕರ ಮೊಬೈಲಿನಲ್ಲಿದ್ದಂಥ ದಾಖಲೆ ಕರಾವಳಿಯ ಗಲ್ಫ್ ಮನೆಗಳ ಅಟ್ಟದಲ್ಲೂ ಇದೆ: ಮಸ್ಕತ್‌ನಿಂದ ಬಂದ ಮಾತಿನ ಕ್ಯಾಸೆಟ್ಟುಗಳು, ಮದುವೆಯ ವಿಎಚ್‌ಎಸ್ ಟೇಪುಗಳು, ಎಂಬತ್ತರ ದಶಕದ ಫ್ಲಾಟಿನ ಹುಟ್ಟುಹಬ್ಬಗಳು. ಗಲ್ಫ್‌ನ ಕನ್ನಡ ಬದುಕಿನ ಬಗ್ಗೆ ಮುಂದೊಂದು ದಿನ ಯಾರಾದರೂ ನಿಜವಾದ ಪ್ರಯೋಗಚಿತ್ರ ಮಾಡುವುದಾದರೆ ಅದು ಶುರುವಾಗಬೇಕಾದ್ದು ಅಲ್ಲಿಂದ. ಕರಾವಳಿಯ ತೇವಕ್ಕೆ ಆ ಟೇಪುಗಳಿಗೆ ಬೂಷ್ಟು ಹಿಡಿಯುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ, ಸಿಕ್ಕಿದ್ದನ್ನು ಡಿಜಿಟಲ್ ಮಾಡಿಸಿ, ಯಾವ ವರ್ಷ, ಯಾರ ಮನೆ ಎಂದು ಬರೆದಿಡಿ. ಅವುಗಳನ್ನು ಓಡಿಸುವ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲೇ ತಯಾರಿಕೆ ನಿಲ್ಲಿಸಿದೆ.